ವಂಶವಾಹಿಯ ಹೆಸರಿನಲ್ಲಿ ಕೈಚೆಲ್ಲುವ ವಾದ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಗೆ ಈಗ ವಿಜ್ಞಾನದ ಮುದ್ರೆಯೇ ಬಿದ್ದಿದೆಯೆಂದು ಹಲವರು ನಂಬಿದ್ದಾರೆ. ಎತ್ತರ, ಬುದ್ಧಿ, ವಿದ್ಯೆ, ವ್ಯವಹಾರ ಚಾತುರ್ಯ ಎಲ್ಲವೂ ವಂಶವಾಹಿಗಳಲ್ಲಿ ಮೊದಲೇ ನಿಶ್ಚಿತವಾಗಿವೆಯೆಂಬುದು ಇವರ ಮತ. ಆದುದರಿಂದ ಓದಿನಲ್ಲಿ ಹಿಂದುಳಿದ ಮಕ್ಕಳ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ವಿಶೇಷ ಪಾಠಗಳಿಗಾಗಿ ಹಣ ವೆಚ್ಚ ಮಾಡುವುದು ತೂತು ಕೊಡಕ್ಕೆ ನೀರೆರೆದಂತೆ ಎಂದೂ ವಾದಿಸುತ್ತಾರೆ. ಈ ವಾದದ ಪೂರ್ವಾರ್ಧದಲ್ಲಿ ಸತ್ಯಾಂಶವಿದೆ. ಉತ್ತರಾರ್ಧವಾದರೋ ಪೂರ್ವಾರ್ಧದಿಂದ ಹೊರಡುವುದೇ ಇಲ್ಲ.

ಎತ್ತರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಯಾವುದೋ ಒಂದು ವಂಶವಾಹಿಯ ಕಾರ್ಯವಲ್ಲ. ಅತ್ಯಲ್ಪ ಪರಿಣಾಮವುಳ್ಳ ಅನೇಕ ವಂಶವಾಹಿಗಳು ಕೂಡಿ ಇಂಥ ಗುಣವನ್ನು ರೂಪಿಸಬಲ್ಲವೆಂದು ಇಂಗ್ಲೆಂಡಿನ ಆರ್. ಎ. ಫಿಷರ್ 1918ರಲ್ಲಿಯೇ ಗಣಿತದ ಮೂಲಕ ತೋರಿಸಿದರು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿ, ಎತ್ತರಕ್ಕೆ ಸಂಬಂಧಿಸಿದ 12,111 ಡಿ.ಎನ್.ಎ. ವ್ಯತ್ಯಾಸಗಳನ್ನು ಗುರುತಿಸಿತು. ಅವಳಿಗಳ ಅಧ್ಯಯನಗಳ ಪ್ರಕಾರ ಎತ್ತರದ ಆನುವಂಶಿಕತೆ ಶೇಕಡಾ 80ರ ಆಸುಪಾಸಿನಲ್ಲಿದೆ.

ಗೊಂದಲವೆಲ್ಲ ಈ ‘ಶೇಕಡಾ 80’ರಲ್ಲಿಯೇ ಇದೆ. ಐದೂಕಾಲು ಅಡಿ ಎತ್ತರದ ಮನುಷ್ಯನಲ್ಲಿ ನಾಲ್ಕಡಿ ಚಿಲ್ಲರೆ ತಂದೆತಾಯಿಯರದು, ಮಿಕ್ಕದ್ದು ಉಂಡ ಅನ್ನದ್ದು ಎಂದು ಅದರ ಅರ್ಥವಲ್ಲ. ಒಂದು ಕಾಲದ ಒಂದು ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಎಷ್ಟು ಪಾಲು ವಂಶವಾಹಿಗಳ ಅಂತರದಿಂದ ಬಂದಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಕಠಿಣವಾಗಬಾರದು. ಒಂದೇ ಬೀದಿಯಲ್ಲಿ, ಒಂದೇ ಬಾಡಿಗೆ ತೆತ್ತು, ಒಂದೇ ಸರಕು ಮಾರುವ ಹತ್ತು ಅಂಗಡಿಗಳಿವೆಯೆನ್ನೋಣ. ಅವುಗಳ ಲಾಭದ ಅಂತರಕ್ಕೆ ಬಂಡವಾಳದ ಅಂತರವೇ ಬಹುಪಾಲು ಕಾರಣವೆಂದು ಲೆಕ್ಕ ತೋರಿಸೀತು. ಹಾಗೆಂದು ಬೀದಿಗೆ ಬೆಲೆಯಿಲ್ಲವೆ? ನಾಳೆ ಅದಕ್ಕೆ ಹೆದ್ದಾರಿ ಬಂದು ಕೂಡಿದರೆ ಹತ್ತೂ ಅಂಗಡಿಗಳ ಲಾಭ ಇಮ್ಮಡಿಯಾದೀತು; ಅಂತರದ ಲೆಕ್ಕದಲ್ಲಿ ಬಂಡವಾಳದ ಪಾಲು ಮಾತ್ರ ಹಿಂದಿನಷ್ಟೇ ಇದ್ದೀತು. ಪರಿಸರ ಎಲ್ಲರಿಗೂ ಸಮವಾದಷ್ಟೂ ಆನುವಂಶಿಕತೆಯ ಅಂಕಿ ಮೇಲೇರುತ್ತದೆಂಬ ವಿಚಿತ್ರವೂ ಇದರಿಂದಲೇ ಸ್ಪಷ್ಟವಾಗುತ್ತದೆ.

ಬೀದಿಯೇ ಬದಲಾದುದಕ್ಕೆ ದಕ್ಷಿಣ ಕೊರಿಯಾ ದೃಷ್ಟಾಂತ. ಅಲ್ಲಿ 1996ರಲ್ಲಿ ಜನಿಸಿದ ಸ್ತ್ರೀಯರು 1896ರಲ್ಲಿ ಜನಿಸಿದವರಿಗಿಂತ ಸರಾಸರಿ 20 ಸೆಂ.ಮೀ.ನಷ್ಟು ಎತ್ತರ. ನಾಲ್ಕೈದು ತಲೆಮಾರುಗಳಲ್ಲಿ ಒಂದು ರಾಷ್ಟ್ರದ ವಂಶವಾಹಿಗಳು ಅಷ್ಟು ಬದಲಾಗಲಾರವು. ಬದಲಾದದ್ದು ಊಟ, ನೈರ್ಮಲ್ಯ, ಬಾಲ್ಯದ ಆರೋಗ್ಯ. ಶೇಕಡಾ 80 ಎಂಬ ಅಂಕಿ ಈ ಏರಿಕೆಯನ್ನು ತಡೆಯಲೂ ಇಲ್ಲ, ಮುಂಗಾಣಲೂ ಇಲ್ಲ.

ಎತ್ತರ ಬೇರೆ, ವಿದ್ಯೆ ಬೇರೆ ಎಂದು ವಾದಿಗಳು ಹೇಳಬಹುದು. ಬೇರೆಯೇ ಸರಿ, ಆದರೆ ಅಲ್ಲಿ ಅವರ ಪಕ್ಷ ಮತ್ತಷ್ಟು ದುರ್ಬಲ. ಸುಮಾರು 30 ಲಕ್ಷ ಜನರನ್ನು ಕುರಿತ 2022ರ ಅಧ್ಯಯನದಲ್ಲಿ, ಎಷ್ಟು ವರ್ಷ ವಿದ್ಯಾಭ್ಯಾಸ ನಡೆಯಿತೆಂಬ ಅಂತರದಲ್ಲಿ ಶೇಕಡಾ 12ರಿಂದ 16ರಷ್ಟನ್ನು ಮಾತ್ರ ಡಿ.ಎನ್.ಎ. ಲೆಕ್ಕ ವಿವರಿಸಬಲ್ಲದಾಯಿತು. ಅದೂ ಯೂರೋಪ್ ಮೂಲದ ಜನರಲ್ಲಿ. ಅನ್ಯಮೂಲದವರಿಗೆ ಇಂಥ ಲೆಕ್ಕವನ್ನು ಅನ್ವಯಿಸಿದರೆ ಅದರ ಬಲ ಇನ್ನೂ ಕುಗ್ಗುತ್ತದೆ. ಇದಕ್ಕಿಂತ ಮುಖ್ಯವಾದುದು ಐಸ್‌ಲ್ಯಾಂಡ್‌ನ ಸಂಶೋಧಕರು 2018ರಲ್ಲಿ ಕಂಡುಕೊಂಡ ಸಂಗತಿ. ತಂದೆತಾಯಿಯರಲ್ಲಿದ್ದು ಮಗುವಿಗೆ ದಾಟದೇ ಉಳಿದ ವಂಶವಾಹಿ ರೂಪಗಳಿಗೂ ಮಗುವಿನ ವಿದ್ಯಾಭ್ಯಾಸದೊಡನೆ ಸಂಬಂಧವಿತ್ತು. ದಾಟಿದವುಗಳ ಪ್ರಭಾವದ ಸುಮಾರು ಶೇಕಡಾ 30ರಷ್ಟು! ಮಗುವಿನ ಮೈಯಲ್ಲಿ ಇಲ್ಲವೇ ಇಲ್ಲದ ವಂಶವಾಹಿ ಮಗುವನ್ನು ತಟ್ಟುವುದಾದರೂ ಹೇಗೆ? ತಂದೆತಾಯಿಯರ ನಡೆ, ಮನೆಯ ವಾತಾವರಣ, ಅವರು ಒದಗಿಸುವ ಅನುಕೂಲ, ಇವುಗಳ ಮೂಲಕವೇ ಅಲ್ಲವೆ? ‘ರಕ್ತದಲ್ಲಿ ಬಂದದ್ದು’ ಎಂದು ಬೀಗುವವರ ಸ್ವತ್ತಿನಲ್ಲಿ ಒಂದು ಭಾಗ ಮನೆಯ ಕಪಾಟಿನ ಪುಸ್ತಕಗಳದು.

ಹಣ ವ್ಯರ್ಥವೆಂಬ ಈ ತರ್ಕ ಹೊಸದೂ ಅಲ್ಲ. ಬಡಮಕ್ಕಳ ಪೂರಕ ಶಿಕ್ಷಣ ವಿಫಲವಾಗಿದೆಯೆಂದು ಸಾರಿ, ಅದಕ್ಕೆ ಬುದ್ಧಿಮತ್ತೆಯ ಆನುವಂಶಿಕತೆಯನ್ನು ಜೋಡಿಸಿ ಅಮೆರಿಕದ ಆರ್ಥರ್ ಜೆನ್ಸೆನ್ 1969ರಲ್ಲಿಯೇ ದೀರ್ಘ ಲೇಖನ ಬರೆದರು. ಒಂದು ಗುಂಪಿನೊಳಗಣ ಆನುವಂಶಿಕತೆಯಿಂದ ಎರಡು ಗುಂಪುಗಳ ನಡುವಣ ಅಂತರವನ್ನು ವಿವರಿಸಲಾಗದೆಂದು ರಿಚರ್ಡ್ ಲೆವೊಂಟಿನ್ ಮರುವರ್ಷವೇ ಉತ್ತರವಿತ್ತರು. ಆ ಉತ್ತರವನ್ನು ಓದದವರೇ ಇಂದಿಗೂ ಹೆಚ್ಚು.

ಇಂಥ ತರ್ಕಕ್ಕೆ ಅಧಿಕಾರ ದೊರೆತಾಗ ಏನಾಯಿತೆಂಬುದು ದಾಖಲೆಯಲ್ಲಿದೆ. ವರ್ಜೀನಿಯಾದ ಕ್ಯಾರಿ ಬಕ್ ಎಂಬ ತರುಣಿಯೂ, ಆಕೆಯ ತಾಯಿಯೂ, ಎಳೆಗೂಸಾದ ಮಗಳೂ ಮಂದಮತಿಗಳೆಂದು ಪರಿಗಣಿತರಾದರು. ಇದು ವಂಶದ ದೋಷವೆಂದು, ಆಕೆಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಒಪ್ಪಿಗೆಯಿತ್ತಿತು. ಆ ದೇಶದಲ್ಲಿ ಇಂಥ ಕಾನೂನುಗಳಿಗೆ ಗುರಿಯಾದವರ ಸಂಖ್ಯೆ 60,000 ಮೀರುತ್ತದೆ. ಕ್ಯಾರಿಯ ಮಗಳು ವಿವಿಯನ್ ಎಂಟನೆಯ ವಯಸ್ಸಿನಲ್ಲಿ, 1932ರಲ್ಲಿ, ತೀರಿಕೊಂಡಳು. ಅದಕ್ಕೆ ಹಿಂದಿನ ವರ್ಷ ಆಕೆಯ ಹೆಸರು ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿತ್ತು.