ಎಣಿಕೆಯ ರಾತ್ರಿಗೊಬ್ಬ ಸಾರಥಿ ಬೇಕು

2024ರ ಜೂನ್ 4ರಂದು ನಸುಕಿನ ಐದಕ್ಕೇ ಎದ್ದು ಟಿವಿ ಹಚ್ಚಿದೆ. ಲೋಕಸಭೆಯ ಮತ ಎಣಿಕೆ ಇದ್ದದ್ದು ಎಂಟಕ್ಕೆ. ಪರದೆಯ ಮೂಲೆಯಲ್ಲಿ ಆಗಲೇ ಸೆಕೆಂಡು ಎಣಿಸುವ ಗಡಿಯಾರವೊಂದು ಹಿಮ್ಮುಖವಾಗಿ ಓಡುತ್ತಿತ್ತು. ಹಿಂದೆ ನಗಾರಿಯಂಥ ಸದ್ದು, ಮುಂದೆ ಒಟ್ಟಿಗೇ ಮಾತಾಡುವ ಐದು ಜನ, ಅವರ ನಡುವೆ ಒಬ್ಬ ಜ್ಯೋತಿಷಿ. ಎಂಟು ಹೊಡೆದು ಎರಡು ನಿಮಿಷ ಆಗಿತ್ತೋ ಇಲ್ಲವೋ, ಕರ್ನಾಟಕದ ಹತ್ತು ಹನ್ನೆರಡು ಕ್ಷೇತ್ರಗಳ ಮುನ್ನಡೆ ಬಂದೇಬಿಟ್ಟಿತು. ಉಪ್ಪಿಟ್ಟಿನ ತಾಟು ಹಿಡಿದು ಬಂದ ನನ್ನ ಹೆಂಡತಿ ಅಲ್ಲೇ ನಿಂತು ಕೇಳಿದಳು: "ಅಲ್ರೀ, ಇನ್ನಾ ಕವರ್ ಹರದಿರೂದಿಲ್ಲ, ಇವ್ರಿಗ ಹ್ಯಾಂಗ ಗೊತ್ತಾತು?"

ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನಾನು ಎಣಿಕೆ ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಅದರ ಕಥೆ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿದೆ. ಮೊದಲು ಅಂಚೆ ಮತ. ಹೊರಗಿನ ಕವರ್ ತೆರೆಯಬೇಕು, ಘೋಷಣಾ ಪತ್ರಕ್ಕೆ ಸಹಿ ಬಿದ್ದಿದೆಯೋ ನೋಡಬೇಕು, ಕ್ರಮಸಂಖ್ಯೆ ತಾಳೆ ಹಚ್ಚಬೇಕು, ಆಮೇಲೆ ಒಳಗಿನ ಕವರ್. ಇವಿಎಂ ಸರದಿ ಬರುವುದು ಅರ್ಧ ತಾಸಿನ ನಂತರ. ಎರಡು ನಿಮಿಷದಲ್ಲಿ ಕೈಗೆ ಸಿಗುವುದು ಮೇಜಿನ ಮೇಲಿನ ಕತ್ತರಿ ಅಷ್ಟೆ.

ಅವತ್ತು ದಿನವಿಡೀ ಕ್ಯಾಮೆರಾ ಹಾಸನ, ಮಂಡ್ಯ, ಬೆಂಗಳೂರು ಗ್ರಾಮಾಂತರ ಬಿಟ್ಟು ಕದಲಲಿಲ್ಲ. ಅಲ್ಲಿ ಸುದ್ದಿ ಇತ್ತು, ಇರಲಿಲ್ಲ ಎನ್ನುವುದಿಲ್ಲ. ಆದರೆ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಹೀಗೆ 2019ರಲ್ಲಿ ಐದಕ್ಕೆ ಐದೂ ಬಿಜೆಪಿಗೆ ಹೋಗಿದ್ದ ಕಲ್ಯಾಣ ಕರ್ನಾಟಕದ ಸೀಟುಗಳು ಐದಕ್ಕೆ ಐದೂ ಕಾಂಗ್ರೆಸ್ಸಿಗೆ ಹೊರಳಿದ್ದು ಸುದ್ದಿಯಾಗಲಿಲ್ಲವಲ್ಲ! ನಮ್ಮ ಕೊಪ್ಪಳದ್ದನ್ನೇ ನೋಡಿ. 2019ರಲ್ಲಿ ಕರಡಿ ಸಂಗಣ್ಣನವರು ರಾಜಶೇಖರ ಹಿಟ್ನಾಳರನ್ನು 38,397 ಮತಗಳಿಂದ ಸೋಲಿಸಿದ್ದರು. 2024ರಲ್ಲಿ ಸಂಗಣ್ಣನವರಿಗೆ ಬಿಜೆಪಿ ಟಿಕೆಟ್ ತಪ್ಪಿತು, ಏಪ್ರಿಲಿನಲ್ಲಿ ಅವರು ಕಾಂಗ್ರೆಸ್ ಸೇರಿದರು, ಜೂನಿನಲ್ಲಿ ಅದೇ ಹಿಟ್ನಾಳರು ಬಿಜೆಪಿಯ ಡಾ. ಬಸವರಾಜ ಕ್ಯಾವಟರ್ ಎದುರು 46,357 ಮತಗಳಿಂದ ಗೆದ್ದರು. ಒಂದು ದೊಡ್ಡಾಟಕ್ಕೆ ಸಾಕಾಗುವಷ್ಟು ಕಥೆ. ಟಿವಿಯಲ್ಲಿ ಅದಕ್ಕೆ ಸಿಕ್ಕಿದ್ದು ಕೆಳಗಿನ ಪಟ್ಟಿಯಲ್ಲಿ ಓಡುವ ಮೂರು ಪದ: ಕೊಪ್ಪಳ, ಕಾಂಗ್ರೆಸ್, ಮುನ್ನಡೆ.

ಆ ಮುನ್ನಡೆಯಾದರೂ ಯಾವ ಊರುಗಳದ್ದು? ಇದನ್ನು ಯಾವ ಚಾನೆಲ್ಲೂ ಹೇಳುವುದಿಲ್ಲ, ನನ್ನ ಮುಖ್ಯ ತಕರಾರೇ ಇದು. ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ನಮ್ಮ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಒಂದೊಂದಕ್ಕೂ ಸಾಮಾನ್ಯವಾಗಿ 14 ಮೇಜು. ಒಂದು ಸುತ್ತಿಗೆ 14 ಬೂತು. 250 ಬೂತು ಇದ್ದರೆ 18 ಸುತ್ತು. ಬೂತಿನ ಸಂಖ್ಯೆ ಕ್ಷೇತ್ರದ ಒಂದು ಮೂಲೆಯಿಂದ ಶುರುವಾಗಿ ಊರೂರು ದಾಟಿಕೊಂಡು ಇನ್ನೊಂದು ಮೂಲೆಗೆ ಹೋಗುತ್ತದೆ, ಎಣಿಕೆಯೂ ಅದೇ ದಾರಿಯಲ್ಲಿ ನಡೆಯುತ್ತದೆ. ಹಾಗಾಗಿ ಮೊದಲ ಸುತ್ತಿನ ಮುನ್ನಡೆ ಎಂದರೆ ಆ ಮೂಲೆಯ ಕೆಲವು ಹಳ್ಳಿಗಳ ಮನಸ್ಸು, ಅಷ್ಟೇ. ಕಾಲುವೆ ನೀರು ಕಂಡ ಗಂಗಾವತಿ ಕಡೆಯ ಭತ್ತದ ಊರಿಗೂ, ಮಳೆ ನೋಡಿಕೊಂಡು ಸಜ್ಜೆ ಬಿತ್ತುವ ಯಲಬುರ್ಗಾದ ಎರೆ ಸೀಮೆಗೂ ಒಂದೇ ಮನಸ್ಸು ಇರಬೇಕೆಂದಿಲ್ಲ. ಆ ಸುತ್ತಿನಲ್ಲಿ ಯಾವ ಹಳ್ಳಿಗಳು ಎಣಿಕೆಯಾದವು ಎಂದು ಒಂದು ನಕ್ಷೆ ತೋರಿಸಿದರೆ ಸಾಕು, ಕುಷ್ಟಗಿಯ ಚಾದಂಗಡಿಯಲ್ಲಿ ಕೂತವನು ಮುಂದಿನದನ್ನು ತಾನೇ ಲೆಕ್ಕ ಹಾಕುತ್ತಾನೆ. ಹಾಕುತ್ತಲೂ ಇದ್ದಾನೆ. ಅವತ್ತು ಮಧ್ಯಾಹ್ನ ನಮ್ಮ ಓಣಿಯ ಹುಡುಗನೊಬ್ಬ ಚುನಾವಣಾ ಆಯೋಗದ ಜಾಲತಾಣ ತೆರೆದು ಮೊಬೈಲಿನಲ್ಲಿ ಅಂಕಿ ಓದುತ್ತಿದ್ದ, ಕಟ್ಟೆಯ ಮೇಲಿನ ಹಿರಿಯರು ಅರ್ಥ ಹೇಳುತ್ತಿದ್ದರು. ನನ್ನ ಟಿವಿ ಒಳಗೆ ತನ್ನಷ್ಟಕ್ಕೆ ತಾನು ಒದರುತ್ತಿತ್ತು.

ಮೊದಲು ಹೀಗಿರಲಿಲ್ಲ ಎಂದರೆ ಮುದುಕರ ಮಾತು ಅನ್ನಿಸೀತು. ಅಂದರೂ ಸರಿ, 1989ರ ನವೆಂಬರಿನ, ಲೋಕಸಭೆಯ ಎಣಿಕೆಯ ಒಂದು ರಾತ್ರಿಯನ್ನು ಹೇಳಲೇಬೇಕು. ಅಕ್ಕನನ್ನು ಗಂಗಾವತಿಗೆ ಕೊಟ್ಟಿತ್ತು. ಮಾವ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯ ಕಚೇರಿಯಲ್ಲಿ ಸಾವುಕಾರರ ಟಿವಿ, ಛಾವಣಿಯ ಮೇಲೆ ಉದ್ದನೆ ಗಳಕ್ಕೆ ಬಿಗಿದ ಆಂಟೆನಾ, ಗಾಳಿ ಬಂದಾಗ ಮೇಲೆ ಹತ್ತಿ ತಿರುಗಿಸಲು ಒಬ್ಬ ಹುಡುಗ. ಹಮಾಲರು ಭತ್ತದ ಚೀಲಗಳ ಮೇಲೆ ಕಂಬಳಿ ಹೊದ್ದು ಕೂತಿದ್ದರು. ನಿಜ ಹೇಳಬೇಕೆಂದರೆ ಅವರು ಬಂದದ್ದು ಸಿನೆಮಾಕ್ಕೆ. ಆಗ ಮತಪತ್ರಗಳ ಎಣಿಕೆ, ಹಗಲು ರಾತ್ರಿ ಎಳೆಯುವ ಕೆಲಸ, ಅಂಕಿ ಹನಿಹನಿಯಾಗಿ ಬರುತ್ತಿತ್ತು. ಫಲಿತಾಂಶ ಇಲ್ಲದ ಹೊತ್ತಿನಲ್ಲಿ ದೂರದರ್ಶನದವರು ಹಿಂದಿ ಸಿನೆಮಾ ಹಾಕುತ್ತಿದ್ದರು. ಪ್ರೀತಿ ಪ್ರೇಮದ ಹಾಡು ಅರ್ಧಕ್ಕೆ ನಿಂತು ನಿರೂಪಕರಾದ ಪ್ರಣಯ್ ರಾಯ್, ವಿನೋದ್ ದುವಾ ಕಾಣಿಸಿಕೊಳ್ಳುವರು. ಒಬ್ಬರದು ಇಂಗ್ಲಿಷ್, ಒಬ್ಬರದು ಹಿಂದಿ. ಗಿರಣಿಯ ಕಚೇರಿಗೆ ಆ ರಾತ್ರಿ ನಾನೇ ದುಭಾಷಿ. "ಸರ, ಏನಂತಾರ?" ಎಂದು ಕೇಳುವರು, ನಾನು ಹೇಳುವೆ, "ಆತ್ ಬಿಡ್ರಿ, ಪಿಚ್ಚರ್ ಯಾವಾಗ ಬರತೈತಿ?" ಎಂದು ಮತ್ತೆ ಕೇಳುವರು.

ಸಿನೆಮಾ ಹಾಕಿದ್ದು ಪ್ರೇಕ್ಷಕರನ್ನು ಹಿಡಿದಿಡಲಿಕ್ಕೇ ಇರಬಹುದು. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಸಿನೆಮಾ ನಡೆಯುತ್ತಿದೆ ಎಂದರೆ ಎಣಿಕೆ ಇನ್ನೂ ನಡೆಯುತ್ತಿದೆ ಎಂದು ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಯಾರೂ ಕೂಗುತ್ತಿರಲಿಲ್ಲ.

ಆ ರಾತ್ರಿಯ ಕೊರತೆಯನ್ನೂ ಹೇಳಬೇಕು. ನಮ್ಮ ಸುದ್ದಿ ನಮ್ಮ ಭಾಷೆಯಲ್ಲಿ ಬರಲಿಲ್ಲ, ಬಂದದ್ದೂ ತಡವಾಗಿ. ದಿಲ್ಲಿಯಲ್ಲಿ ರಾಜೀವ್ ಗಾಂಧಿ ಸೋತು ವಿ.ಪಿ. ಸಿಂಗ್ ಪ್ರಧಾನಿಯಾಗುವ ದಾರಿ ತೆರೆಯುತ್ತಿತ್ತು. ಜನತಾದಳಕ್ಕೆ ದೇಶದಲ್ಲಿ 143 ಸೀಟು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 27 ಕಾಂಗ್ರೆಸ್ಸಿಗೆ. ಉಳಿದ ಒಂದೇ ಒಂದು ಸೀಟು ಕೊಪ್ಪಳ, ಗೆದ್ದವರು ಜನತಾದಳದ ಬಸವರಾಜ ಪಾಟೀಲ ಅನ್ವರಿ. ಇಡೀ ರಾಜ್ಯ ಒಂದು ಕಡೆ ಮುಖ ಮಾಡಿದಾಗ ನಾವೊಬ್ಬರೇ ಇನ್ನೊಂದು ಕಡೆ ನೋಡುತ್ತ ನಿಂತಿದ್ದೆವು. ಅದು ಯಾಕೆ ಎಂದು ಕೇಳಲು ಆಗ ಯಾವ ಕ್ಯಾಮೆರಾವೂ ಬರಲಿಲ್ಲ. ಒಂದೇ ಚಾನೆಲ್ ಇದ್ದ ಕಾಲ, ಕ್ಷಮಿಸಬಹುದು. ಈಗ ಇಪ್ಪತ್ನಾಲ್ಕು ತಾಸೂ ಕನ್ನಡದಲ್ಲೇ ಸುದ್ದಿ ಕೊಡುವ ಚಾನೆಲ್ಲುಗಳು ಬೆರಳೆಣಿಕೆ ಮೀರಿವೆ, ಈಗಲೂ ಬಾರದಿದ್ದರೆ ಕ್ಷಮಿಸುವುದು ಕಷ್ಟ.

ಇಲ್ಲೊಂದು ವಿಚಿತ್ರ. ಟಿವಿ ನಮ್ಮ ಸೀಮೆಗೆ ಬೆಂಗಳೂರಿಗಿಂತ ಮೊದಲೇ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತಲ್ಲ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ನಮ್ಮದೇ ಜಿಲ್ಲೆಯಾದದ್ದು 1997ರಲ್ಲಿ. ತುರ್ತುಪರಿಸ್ಥಿತಿಯ ಕಾಲ ಅದು, ಚುನಾವಣೆಯ ಮಾತೇ ಇಲ್ಲ. 1976ರ ಜುಲೈಯಲ್ಲಿ ಪ್ರಯೋಗ ಮುಗಿದು ಪರದೆ ಕಪ್ಪಾಯಿತು. 1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿಯವರೇ ಸೋತ ಆ ರಾತ್ರಿ, ಯಲಬುರ್ಗಾ ತಾಲ್ಲೂಕಿನ ನಮ್ಮೂರಿನಲ್ಲಿ ಕಾಕಾನ ರೇಡಿಯೊ ಒಂದೇ ಗತಿ. ನೋಡುವಂಥದ್ದು ಇಲ್ಲದಾಗ ಟಿವಿ ಇತ್ತು, ಇದ್ದಾಗ ಇರಲಿಲ್ಲ.

ರಾತ್ರಿ ಪೂರ್ತಿ ಜನರನ್ನು ಕೂಡಿಸುವ ವಿದ್ಯೆ ಗೊತ್ತಿದ್ದರೆ ಅದು ನಮ್ಮ ದೊಡ್ಡಾಟದವರಿಗೆ. ಆಟ ಶುರುವಾಗುವುದು ಹತ್ತಕ್ಕೋ ಹನ್ನೊಂದಕ್ಕೋ, ಮುಗಿಯುವುದು ಹೊತ್ತು ಮೂಡಿದ ಮೇಲೆ. ವೀರ ಬಂದ ಕೂಡಲೇ ಯುದ್ಧ ಮಾಡುವುದಿಲ್ಲ. ಸಾರಥಿ ಅಡ್ಡ ನಿಂತು ನೀನ್ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ವಿಚಾರಿಸುತ್ತಾನೆ. ನಡುರಾತ್ರಿ ದಾಟಿ ಜನ ತೂಕಡಿಸತೊಡಗಿದರೆ ನಗಿಸುತ್ತಾನೆ. ವಧೆ ನಡೆಯುವುದು ಬೆಳಗಿನ ಜಾವಕ್ಕೆ. ಟಿವಿಯವರದು ಉಲ್ಟಾ. ಐದಕ್ಕೇ ರಕ್ತ ಹರಿಸಿ, ನಿಜವಾದ ಫಲಿತಾಂಶ ಬರುವ ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲೂ ಹೋಗಿರುತ್ತದೆ, ನಮ್ಮ ಕಿವಿಯೂ ಹೋಗಿರುತ್ತದೆ. ಅವರ ಬಳಿ ವೀರರಿದ್ದಾರೆ, ಸಾರಥಿ ಇಲ್ಲ. ಬಂದ ಅಂಕಿಯನ್ನು ತಡೆದು ನಿಲ್ಲಿಸಿ, ನೀನು ಯಾವ ಸುತ್ತಿನವ, ಯಾವ ಊರಿನವ ಎಂದು ಕೇಳುವವರು ಯಾರೂ ಇಲ್ಲ.

ಹೊರಗಿನವರು ಕಾಯುವ ಬಗೆ ನೋಡಿ. ರಾತ್ರಿಯಿಡೀ ಚುನಾವಣೆ ತೋರಿಸುವುದಕ್ಕೆ ಬ್ರಿಟನ್ನಿನವರಿಗೆ ಕಾರಣವಿದೆ. ಅಲ್ಲಿ ರಾತ್ರಿ ಹತ್ತಕ್ಕೆ ಮತದಾನ ಮುಗಿಯುತ್ತದೆ, ಆ ಕ್ಷಣಕ್ಕೇ ಬಿಬಿಸಿ, ಐಟಿವಿ, ಸ್ಕೈ ಮೂರೂ ಸೇರಿ ಮಾಡಿಸಿದ ಒಂದೇ ಮತಗಟ್ಟೆ ಸಮೀಕ್ಷೆ ಹೊರಬೀಳುತ್ತದೆ, ಎಣಿಕೆ ಅದೇ ರಾತ್ರಿ. ನಮ್ಮ ಎಣಿಕೆಯಾಗಿ ಸರಿಯಾಗಿ ಒಂದು ತಿಂಗಳಿಗೆ, 2024ರ ಜುಲೈ 4ರಂದು, ಅವರ ಚುನಾವಣೆ ನಡೆಯಿತು. ಮೊದಲ ಫಲಿತಾಂಶ ಸಂಡರ್‌ಲ್ಯಾಂಡ್ ಕಡೆಯ ಒಂದು ಕ್ಷೇತ್ರದಿಂದ ನಡುರಾತ್ರಿಗೆ ಮೊದಲೇ ಬಂತು. ಆದರೆ ಅಲ್ಲಿ ಸುತ್ತು, ಮುನ್ನಡೆ, ಹಿನ್ನಡೆ ಎಂಬ ಗೋಜಿಲ್ಲ. ಪೂರ್ತಿ ಎಣಿಸಿ ಅಧಿಕಾರಿ ವೇದಿಕೆ ಹತ್ತಿ ಓದುವ ತನಕ ಟಿವಿಯವರು ಕಾಯಬೇಕು, ಕಾಯುವುದನ್ನೇ ತೋರಿಸಬೇಕು. ನಮ್ಮಲ್ಲಿ ಕೊಪ್ಪಳ ಮತ ಹಾಕಿದ್ದು ಮೇ 7ಕ್ಕೆ. ಇಪ್ಪತ್ತೆಂಟು ದಿನ ಯಂತ್ರಗಳು ಬೀಗದೊಳಗೆ. ಜೂನ್ 1ರ ಸಂಜೆ ಆರೂವರೆಗೆ ನಿರ್ಬಂಧ ತೆರವಾದದ್ದೇ ತಡ, ದಿಲ್ಲಿಯ ಸಮೀಕ್ಷೆಗಳು ಎನ್‌ಡಿಎಗೆ 350, 400 ಎಂದವು. ಬಂದದ್ದು 293. ಕಾಯಲು ನಮಗಿಂತ ಹೆಚ್ಚು ದಿನ ಯಾರಿಗೂ ಇಲ್ಲ, ಕಾಯುವುದು ಬರದವರೂ ನಾವೇ.

ಈ ಮಾತನ್ನು ಈಗ ಎತ್ತಲು ಒಂದು ನೆಪವಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸುವಂತೆ ಶಿಫಾರಸು ಮಾಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಸರಿಯೋ ತಪ್ಪೋ ಬೇರೆ ಚರ್ಚೆ. ಮತಪತ್ರ ಬಂದರೆ ಹಿಂದೆಯೇ ಎಣಿಕೆಯ ರಾತ್ರಿಯೂ ಬರುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಂತೂ ಅದು ಹೋಗಿಯೇ ಇರಲಿಲ್ಲ. 2020ರ ಡಿಸೆಂಬರಿನಲ್ಲಿ ಬೀದರ್ ಬಿಟ್ಟು ರಾಜ್ಯದ ಉಳಿದ ಹಳ್ಳಿಗಳೆಲ್ಲ ಕಾಗದದ ಮೇಲೇ ಸಿಕ್ಕೆ ಒತ್ತಿದ್ದವು. ನಮ್ಮ ಚಾನೆಲ್ಲುಗಳಿಗೆ ಕೇಳುವುದು ದೊಡ್ಡದೇನಲ್ಲ. ತಾಲ್ಲೂಕಿಗೊಬ್ಬ ವರದಿಗಾರ ಬೇಡ, ಜಿಲ್ಲೆಗೊಬ್ಬ ಸಾಕು, ಅವನಿಗೆ ಊರುಗಳ ಹೆಸರು ತಪ್ಪಿಲ್ಲದೆ ಹೇಳಲು ಬರಲಿ. ತಾಸಿಗೆ ಐದು ನಿಮಿಷ ಕೊಪ್ಪಳಕ್ಕೆ, ಐದು ನಿಮಿಷ ಯಾದಗಿರಿಗೆ ಎಂದು ಮೊದಲೇ ಗೊತ್ತುಮಾಡಿ ಹೇಳಲಿ, ನಾವು ಆ ಹೊತ್ತಿಗೆ ಎದ್ದು ಕೂರುತ್ತೇವೆ. ಉಳಿದ ಹೊತ್ತು ದೂರದರ್ಶನದ ಚಂದನದವರು ಬೇಕಾದರೆ ಹಳೆಯ ಕನ್ನಡ ಸಿನೆಮಾ ಹಾಕಲಿ, ದೊಡ್ಡಾಟ ಹಾಕಲಿ.

2020ರ ಡಿಸೆಂಬರ್ 30ರ ಎಣಿಕೆಗೆ ನನಗೆ ತಾಲ್ಲೂಕು ಕೇಂದ್ರದಲ್ಲಿ ಡ್ಯೂಟಿ ಬಿದ್ದಿತ್ತು. ಕೊರೊನಾ ಕಾಲ, ಎಲ್ಲರ ಮೂಗಿಗೂ ಮಾಸ್ಕು. ಒಂದೇ ವಾರ್ಡಿಗೆ ಎರಡು ಮೂರು ಸ್ಥಾನ ಇರುವಲ್ಲಿ ಕಾಗದ ಬಿಡಿಸಿ, ವಿಂಗಡಿಸಿ, ರಬ್ಬರ್ ಬ್ಯಾಂಡು ಹಾಕುವಷ್ಟರಲ್ಲಿ ನಡುರಾತ್ರಿ ದಾಟಿತು. ಹೊರಗೆ ಬಯಲಿನಲ್ಲಿ ಟ್ರ್ಯಾಕ್ಟರು, ಟಂಟಂ, ಚಳಿಗೆ ಹಚ್ಚಿದ ಬೆಂಕಿ, ಮಿರ್ಚಿ ಕರಿಯುವ ಒಂದು ಬಂಡಿ. ಕ್ಯಾಮೆರಾ ಇರಲಿಲ್ಲ, ಗಡಿಯಾರ ಇರಲಿಲ್ಲ. ನಾಲ್ಕರ ಸುಮಾರಿಗೆ ಕೈಕಾಲು ಆಡಿಸಲೆಂದು ನಾನು ಬಾಗಿಲ ತನಕ ಬಂದೆ. ತಂತಿಬೇಲಿಯ ಆಚೆಯಿಂದ ಒಬ್ಬ ಅಜ್ಜ ಕೇಳಿದ: "ಸರ, ನಮ್ಮೂರ ಎಣಿಸಿದ್ರೇನ್ರಿ?"

"ಇನ್ನಾ ಇಲ್ಲ ಯಜ್ಜಾ."

"ಆತ್ ತಗೋರಿ" ಎಂದು ಅಜ್ಜ ಟ್ರ್ಯಾಕ್ಟರಿನ ಬಳಿ ಹೋದ, ಕಂಬಳಿ ತಲೆಯ ತನಕ ಎಳೆದುಕೊಂಡು ಮಲಗಿದ.