ಕಡಲಿಗೆ ಗೇಟಿಲ್ಲ

ನಮ್ಮ ಟೀಮು ಗೋಕರ್ಣಕ್ಕೆ ಹೋಗೋಕೆ ಮಾಡಿದ್ದ ಎಕ್ಸೆಲ್ ಶೀಟ್ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಸ್ಲೀಪರ್ ಬಸ್ಸಿನ ಸೀಟ್ ನಂಬರ್, ರೂಮ್ ಬಾಡಿಗೆ, ಯಾರು ವೆಜ್, ಯಾರು ನಾನ್‌ವೆಜ್, ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕು, ಎಲ್ಲಕ್ಕೂ ಒಂದೊಂದು ಕಾಲಂ. ಬೇಲೆಕಾನದಿಂದ ಹೊರಟು ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಾಟಿ ಗೋಕರ್ಣದ ಊರಿಗೆ ನಡೆಯೋದು. ಅರ್ಧ ದಿನದ ದಾರಿ. ಸಮುದ್ರದ ಬಗ್ಗೆ ಮಾತ್ರ ಆ ಶೀಟಿನಲ್ಲಿ ಒಂದು ಸಾಲೂ ಇರಲಿಲ್ಲ.

ಸೂರ್ಯಾಸ್ತ ನೋಡಬೇಕು ಅಂತ ಮಧ್ಯಾಹ್ನ ಮೂರಕ್ಕೆ ಹೊರಟೆವು. ನಮ್ಮಲ್ಲೊಬ್ಬನ ಗೆಳೆಯ ಹಿಂದಿನ ಶನಿವಾರ ಅದೇ ಹೊತ್ತಿಗೆ ಬಂಡೆಗಳ ಬುಡದಲ್ಲೇ ಆರಾಮಾಗಿ ನಡೆದು ರೀಲ್ ಹಾಕಿದ್ದ. ನಾವು ಹೋದಾಗ ಆ ಬುಡದಲ್ಲಿ ಸೊಂಟದ ಮಟ್ಟ ನೀರು, ಮೇಲಿಂದ ಅಲೆ. ವಾಪಸ್ ತಿರುಗಿ, ಗುಡ್ಡ ಹತ್ತಿ, ಮೊಬೈಲ್ ಟಾರ್ಚ್ ಹಿಡ್ಕೊಂಡು ಕತ್ತಲಲ್ಲಿ ತಡಕಾಡಿದ್ವಿ. ಒಬ್ಬನ ಕಾಲು ಉಳುಕಿತು. ಕೊನೆಗೆ ದಾರಿ ತೋರಿಸಿದ ಮೀನುಗಾರರೊಬ್ಬರು ಬೈಯಲಿಲ್ಲ, ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಹೊರಟಿದ್ರಾ ಅಂತಷ್ಟೇ ಕೇಳಿದರು. ಆರು ಜನ ಇಂಜಿನಿಯರುಗಳು ನೆಲ ನೋಡಿದೆವು.

ಇದು ಹೈಸ್ಕೂಲ್ ಪಾಠ. ದಿನಕ್ಕೆ ಸಾಧಾರಣವಾಗಿ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಏಳು ದಿನಕ್ಕೆ ಗುಣಿಸಿ: ಹೆಚ್ಚೂಕಮ್ಮಿ ಆರು ಗಂಟೆ. ಅಂದರೆ ಹೋದ ಶನಿವಾರ ಮೂರು ಗಂಟೆಗೆ ಇಳಿತ ಇದ್ದರೆ ಈ ಶನಿವಾರ ಮೂರು ಗಂಟೆಗೆ ಉಬ್ಬರ. ವೀಕೆಂಡ್‌ನಿಂದ ವೀಕೆಂಡ್‌ಗೆ ರೀಲ್ ನೋಡಿ ಹೊರಡೋ ನಮ್ಮಂಥವರನ್ನ ಸಿಕ್ಕಿಸೋಕೆ ಇದಕ್ಕಿಂತ ಸರಿಯಾದ ಲೆಕ್ಕ ಬೇಕಾ? ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ಮೇಲಕ್ಕೇರುತ್ತೆ. ನಮ್ಮವರು ಮೂನ್‌ಲೈಟ್ ವಾಕ್ ಅಂತ ಹುಡುಕಿ ಹುಡುಕಿ ಹುಣ್ಣಿಮೆಗೇ ಹೋಗ್ತಾರೆ.

ಇದೇ ಜನ ಕುದುರೆಮುಖಕ್ಕೆ ಹೋಗುವಾಗ ಎಷ್ಟು ಶಿಸ್ತು ನೋಡಿ. ಅದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಬೇಕು, ಹೊತ್ತು ಮುಳುಗೋ ಮುಂಚೆ ಇಳಿಯಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಜನ ಜಾತ್ರೆ ಥರ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ನಿಲ್ಲಿಸಿತ್ತು. ಆಗ ಗೊಣಗಿದೆವು, ಆಮೇಲೆ ಬುಕ್ ಮಾಡ್ಕೊಂಡು ಹೋದೆವು. ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದಕ್ಕೂ ಸಮುದ್ರತೀರ ಇಲ್ಲ. ಹಾಗಾಗಿ ನಮ್ಮ ಕರಾವಳಿ ನಡಿಗೆಗೆ ಗೇಟಿಲ್ಲ, ತಲೆ ಎಣಿಸೋ ಗಾರ್ಡ್ ಇಲ್ಲ. ಗೇಟಿಲ್ಲ ಅಂದರೆ ನಿಯಮ ಇಲ್ಲ ಅಂತ ನಾವೇ ತಿಳ್ಕೊಂಡುಬಿಟ್ಟಿದ್ದೀವಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರಿಕ ದೋಣಿಗಳೇ ದಡದಲ್ಲಿ ನಿಂತಿರುತ್ತವೆ. ಆಗಲೇ ನಮಗೆ ಮಾನ್ಸೂನ್ ಬೀಚ್ ಟ್ರೆಕ್ ನೆನಪಾಗೋದು.

"ಎಲ್ಲಾ ಪ್ಲಾನ್ ಮಾಡಿದ್ರೆ ಮಜಾ ಎಲ್ಲಿ ಗುರು?" ಅನ್ನೋರಿಗೆ ನಮ್ಮೂರಿನ ಮಾತು ಹೇಳ್ತೀನಿ. ನಾನು ಗೌನಿಪಲ್ಲಿಯವನು. ಶ್ರೀನಿವಾಸಪುರ ತಾಲ್ಲೂಕು, ಆಚೆ ಆಂಧ್ರ. ಇಡೀ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಒಂದಿಲ್ಲ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದರೆ ನಮಗೆ ಹಬ್ಬ. ಆದರೂ ನೀರಿಗಿಳಿಯೋ ಮುಂಚೆ ತಾತ ತಡೆದು ನಿಲ್ಲಿಸೋರು. ಇಟ್ಟಿಗೆ ಗೂಡಿಗೆ ಮಣ್ಣು ಎತ್ತಿದ ಗುಂಡಿ ಯಾವ ಕಡೆ ಇದೆ, ಹೂಳು ಎಲ್ಲಿದೆ, ಮೊದಲು ಹೇಳು, ಆಮೇಲೆ ಇಳಿ. ನಮ್ಮ ಮಜಾಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ. ಗೊತ್ತಿರೋ ಕೆರೆಗೇ ಇಷ್ಟು ವಿಚಾರಿಸ್ತಿದ್ದೋರು, ಗೊತ್ತಿಲ್ಲದ ಕಡಲಿಗೆ ಏನೂ ಕೇಳದೆ ಹೋಗ್ತೀವಿ. ಓದಿದ್ದಕ್ಕೆ ಬಂದ ಬುದ್ಧಿ ಇದೇನಾ?

2024ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಆ ಸುದ್ದಿ ನೋಡಿದ ದಿನ ನನಗೆ ನಮ್ಮ ಎಕ್ಸೆಲ್ ಶೀಟ್ ನೆನಪಾಯ್ತು. ಕಡಲು ಕಾಣದ ಊರಿನ ಮಕ್ಕಳಿಗೆ ಸೆಳೆತ ಅಂದರೇನು ಅಂತ ಗೊತ್ತಿರೋಕೆ ಹೇಗೆ ಸಾಧ್ಯ? ಎರಡು ಕಡೆ ಅಲೆ ಒಡೀತಾ ಇದ್ದು ನಡುವೆ ನೀರು ಶಾಂತವಾಗಿ ಕಂಡರೆ, ಎಷ್ಟೋ ಸಲ ಒಳಕ್ಕೆಳೆಯೋ ಸೆಳೆತ ಇರೋದು ಅಲ್ಲೇ. ನಾವಾದರೆ ಇಳಿಯೋಕೆ ಅದೇ ಒಳ್ಳೇ ಜಾಗ ಅಂತೀವಿ. ಮಕ್ಕಳಿಗೆ ಗೊತ್ತಿಲ್ಲದ್ದು ತಪ್ಪಲ್ಲ. ಕೈಯಲ್ಲಿ ಫೋನು, ತಿಂಗಳಿಗೆ ಸಂಬಳ, ಎರಡು ವಾರ ಪ್ಲಾನ್ ಮಾಡೋಕೆ ಪುರುಸೊತ್ತು ಇರೋ ನಮಗೆ ಗೊತ್ತಿಲ್ಲ ಅನ್ನೋದು ತಪ್ಪು.

ಸರ್ಕಾರ ಜೀವರಕ್ಷಕರನ್ನ ಇಡಬೇಕು, ಬೋರ್ಡ್ ಹಾಕಬೇಕು. ಅದನ್ನ ಜೋರಾಗೇ ಕೇಳೋಣ. ಆದರೆ ಎರಡು ಬೀಚುಗಳ ನಡುವಿನ ಪ್ರತಿ ಬಂಡೆಗೂ ಒಬ್ಬ ಗಾರ್ಡ್ ಬರಲ್ಲ. ಗೇಟ್ ಹಾಕಿ ಟಿಕೆಟ್ ಇಡಿ ಅನ್ನೋರ ಜೊತೆಗೂ ನಾನಿಲ್ಲ. ಆ ದಡ ಅಲ್ಲಿ ಬಲೆ ಎಳೆದು ಬದುಕೋರದ್ದು, ನಮ್ಮ ಅಜ್ಞಾನಕ್ಕೆ ಅವರು ಯಾಕೆ ಬೇಲಿ ಸಹಿಸಬೇಕು?

ಹಾಗಾಗಿ ಶೀಟನ್ನ ತಿರುವಿ ಹಾಕಿ. ಮೊದಲ ಕಾಲಂ ಉಬ್ಬರ-ಇಳಿತದ ಹೊತ್ತು. ಇಳಿತಕ್ಕೆ ಎರಡು ಗಂಟೆ ಮುಂಚೆ ಹೊರಡಿ. ಹಗಲು ಬೆಳಕಲ್ಲಿ ಇಳಿತ ಸಿಗದಿದ್ದರೆ ಬಂಡೆ ಬುಡ ಬಿಟ್ಟು ಗುಡ್ಡದ ದಾರಿ ಹಿಡಿಯಿರಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತೆ, ಹಿಂದಿನ ರಾತ್ರಿ ನೋಡಿ. ಬೆಳಿಗ್ಗೆ ದೋಣಿ ಹತ್ರ ಇರೋರನ್ನ ಕೇಳಿ. ಅವರು ಬೇಡ ಅಂದರೆ ಬೇಡ. ಇಷ್ಟು ತುಂಬಿದ ಮೇಲೆ ಬಸ್ ಬುಕ್ ಮಾಡಿ.

ನಾನು ಮತ್ತೆ ಹೋಗ್ತೀನಿ. ಈ ಸಲ ಊರಿಂದ ತಮ್ಮನೂ ಬರ್ತಿದ್ದಾನೆ, ಅವನು ಇನ್ನೂ ಸಮುದ್ರ ನೋಡಿಲ್ಲ. ಇಳಿತ ಬೆಳಿಗ್ಗೆ ಬೀಳೋ ಶನಿವಾರ ಹುಡುಕ್ತಾ ಇದ್ದೀನಿ. ಅದು ಸಿಕ್ಕಿದ ಮೇಲೇ ರಜೆ ಕೇಳೋದು.