ಕೀಲು ಬದಲಿಸಲು ಹಣ ಉಂಟು, ಕೀಲು ಉಳಿಸುವ ಮದ್ದಿಗೆ ಇಲ್ಲ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದಾಗ ಬಡ ಕುಟುಂಬಗಳಿಗೆ ದೊಡ್ಡ ಆಸರೆ ದೊರಕಿತು. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂ. ಮಿತಿಯಲ್ಲಿ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಡಯಾಲಿಸಿಸ್‌ಗಾಗಿ ಜಾಗ ಅಡವಿಡಬೇಕಾಗಿದ್ದ ಎಷ್ಟೋ ಮನೆಗಳು ಈ ಯೋಜನೆಯಿಂದ ಉಳಿದುಕೊಂಡಿವೆ. ಇದನ್ನು ನಾವು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಆಡಬೇಕು.

ಮುಂದಿನ ಮಾತು ಸಂಧಿವಾತದ ರೋಗಿಗಳದ್ದು. ಕೈಬೆರಳುಗಳ ಗಂಟು ಊದಿ, ಬೆಳಗ್ಗೆ ಎದ್ದಾಗ ಒಂದು ಲೋಟ ಹಿಡಿಯಲೂ ಆಗದ ಮಹಿಳೆ ಇದೇ ಕಾರ್ಡು ಹಿಡಿದು ಆಸ್ಪತ್ರೆಯ ಕೌಂಟರಿಗೆ ಹೋದರೆ ಮೊದಲು ಏಳುವ ಪ್ರಶ್ನೆ ದಾಖಲಾತಿಯದ್ದು. ದಾಖಲಾಗದೆ ವೈದ್ಯರನ್ನು ಕಂಡು, ಚೀಟಿ ಬರೆಸಿಕೊಂಡು, ತಿಂಗಳು ತಿಂಗಳು ಮನೆಯಲ್ಲೇ ತೆಗೆದುಕೊಳ್ಳುವ ಔಷಧಕ್ಕೆ ಈ ಯೋಜನೆ ಹಣ ಕೊಡುವುದಿಲ್ಲ. ದಾಖಲಾತಿಗೆ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನಗಳ ಔಷಧ ಮಾತ್ರ ಕೇಂದ್ರದ ಯೋಜನೆಯ ಲೆಕ್ಕಕ್ಕೆ ಬರುತ್ತದೆ. ಆದರೆ ಆಕೆ ಮದ್ದಿಲ್ಲದೆ ಹತ್ತು ವರ್ಷ ಕಳೆದು, ಮೊಣಕಾಲಿನ ಕೀಲು ಪೂರ್ತಿ ಹಾಳಾದ ಮೇಲೆ ಬಂದರೆ? ಆಗ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿ ಉಂಟು! ಕೀಲನ್ನು ಉಳಿಸಲು ಹಣ ಇಲ್ಲ, ಹಾಳಾದ ಮೇಲೆ ಬದಲಿಸಲು ಹಣ ಇದೆ. ಅದೂ ಮೊಣಕಾಲು, ಸೊಂಟಕ್ಕಾಯಿತು. ಎರಡೂ ಕೈಗಳ ಹತ್ತು ಬೆರಳುಗಳ ಕೀಲುಗಳನ್ನು ಬದಲಿಸಿ ಮೊದಲಿನಂತೆ ಮಾಡಿಕೊಡುವ ಶಸ್ತ್ರಚಿಕಿತ್ಸೆ ಯಾವ ಪಟ್ಟಿಯಲ್ಲೂ ಇಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ನಮ್ಮಲ್ಲಿ ಗಂಟುನೋವೆಂದರೆ ಎಲ್ಲವೂ 'ವಾತ'. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಬೇರೆ. ಅದಕ್ಕೆ ವ್ಯಾಯಾಮ, ತೂಕ ಇಳಿಸುವುದು, ನೋವಿನ ಮದ್ದು, ಕೊನೆಗೆ ಶಸ್ತ್ರಚಿಕಿತ್ಸೆ. ನಾವು ಮಾತಾಡುತ್ತಿರುವ ರುಮಟಾಯ್ಡ್ ಸಂಧಿವಾತ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಮೂವತ್ತು, ನಲವತ್ತರ ವಯಸ್ಸಿನಲ್ಲೇ ಬರಬಹುದು. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆನ್ನುಮೂಳೆಯನ್ನು ಬಿಗಿಗೊಳಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಸೋರಿಯಾಸಿಸ್ ಜೊತೆಗೆ ಬರುವ ಸಂಧಿವಾತ, ಮಕ್ಕಳಿಗೆ ಬರುವ ಸಂಧಿವಾತ ಇದರ ಬಳಗದವು. ಕರಾವಳಿಯಲ್ಲಿ ಇನ್ನೊಂದು ತೊಡಕು ಉಂಟು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ತಿಂಗಳುಗಟ್ಟಲೆ ಗಂಟುನೋವು ಅನುಭವಿಸಿದವರು ಬಹಳ. ಅಂದಿನಿಂದ ಯಾವ ಗಂಟು ಊದಿದರೂ 'ಹಳೆಯ ಚಿಕುನ್‌ಗುನ್ಯ ಇರಬೇಕು, ತಾನಾಗಿ ಹೋಗುತ್ತದೆ' ಎಂದು ಕಾಯುವ ಅಭ್ಯಾಸ ಬೆಳೆದಿದೆ. ಈ ಕಾಯಿಲೆಯಲ್ಲಿ ಮೊದಲ ಕೆಲವು ತಿಂಗಳುಗಳೇ ಅತ್ಯಂತ ಅಮೂಲ್ಯ. ಒಮ್ಮೆ ಮೂಳೆ ಕೊರೆದು ಹೋದರೆ ಅದು ಹಿಂದೆ ಬಾರದು.

ನೂರು ಮಂದಿಯಲ್ಲಿ ಅರ್ಧ ಮಂದಿಗೆ ಎಂದು ಅತಿ ಕಡಿಮೆ ಲೆಕ್ಕ ಹಿಡಿದರೂ, 2011ರ ಜನಗಣತಿಯ ಪ್ರಕಾರ ಸುಮಾರು 32 ಲಕ್ಷ ಜನರಿರುವ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ 16 ಸಾವಿರ ರೋಗಿಗಳಾಗುತ್ತಾರೆ. ಇವರಲ್ಲಿ ಬೀಡಿ ಕಟ್ಟುವವರು, ಗೇರುಬೀಜ ಸುಲಿಯುವವರು, ಮೀನು ಕೊಯ್ಯುವವರು, ಶಂಕರಪುರದ ಮಲ್ಲಿಗೆ ಕಟ್ಟುವವರು ಎಷ್ಟು ಮಂದಿ ಎಂದು ಯೋಚಿಸಿ. ಇವೆಲ್ಲ ಬೆರಳಿನ ಕೆಲಸಗಳು. ರೋಗ ಮೊದಲು ಹಿಡಿಯುವುದೂ ಬೆರಳನ್ನೇ. ಬೆರಳು ನಿಂತರೆ ಮನೆಯ ಆದಾಯ ನಿಂತಿತು, ಮದ್ದಿನ ಹಣವೂ ನಿಂತಿತು.

ಮದ್ದಿನ ವಿಚಾರಕ್ಕೆ ಬರೋಣ. ಮೊದಲ ಹಂತದ ಔಷಧಗಳು ದುಬಾರಿಯಲ್ಲ. ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಈ ಮೂರೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. (ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮದ್ದು. ದಿನವೂ ತಿಂದರೆ ಜೀವಕ್ಕೇ ಅಪಾಯ. ರೋಗಿಗಳ ಮನೆಗೆ ಭೇಟಿ ಕೊಡುವವರು ಈ ಒಂದು ಮಾತನ್ನು ಮರೆಯದೆ ಹೇಳಬೇಕು.) ಅನೇಕರಿಗೆ ಇಷ್ಟರಲ್ಲೇ ರೋಗ ಹತೋಟಿಗೆ ಬರುತ್ತದೆ. ಬಾರದವರಿಗೆ ಬೇಕಾಗುವುದು ಬಯಾಲಾಜಿಕ್ ಎಂದು ಕರೆಯುವ ಚುಚ್ಚುಮದ್ದುಗಳು, ಇಲ್ಲವೇ ಟೊಫಾಸಿಟಿನಿಬ್‌ನಂತಹ ಹೊಸ ಗುಳಿಗೆಗಳು. ಸಮಸ್ಯೆ ಇರುವುದು ಇಲ್ಲಿ.

ಅಡಲಿಮುಮಾಬ್ ಎಂಬ ಚುಚ್ಚುಮದ್ದನ್ನೇ ನೋಡಿ. 2002ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧ 'ಹ್ಯುಮಿರಾ' ಹೆಸರಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಗಳಿಸಿದ ಔಷಧಗಳಲ್ಲೊಂದಾಯಿತು. ಇದರ ತದ್ರೂಪವನ್ನು ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದದ್ದು ಭಾರತದ ಕಂಪನಿ ಜೈಡಸ್, 2014ರ ಡಿಸೆಂಬರ್‌ನಲ್ಲಿ. ಅಮೆರಿಕದ ಬೆಲೆಯ ಐದನೇ ಒಂದು ಪಾಲು, ಅಂದರೆ ಒಂದು ಡೋಸಿಗೆ 200 ಡಾಲರ್ ಆಸುಪಾಸು. ಆಗಿನ ವಿನಿಮಯ ದರದಲ್ಲಿ 12 ಸಾವಿರ ರೂಪಾಯಿಗೂ ಹೆಚ್ಚು. ಎರಡು ವಾರಕ್ಕೊಂದು ಡೋಸು ಬೇಕು. ನಂತರ ಬೇರೆ ಕಂಪನಿಗಳೂ ಬಂದು ದರ ಇಳಿದಿದೆ. ಬೆಂಗಳೂರಿನ ಬಯೋಕಾನ್ ಸಮೂಹದ ಕಂಪನಿ ಇದೇ ಔಷಧವನ್ನು ಅಮೆರಿಕ, ಯುರೋಪಿನಲ್ಲಿ ಮಾರುತ್ತಿದೆ. ಇಷ್ಟಾದರೂ ಬೀಡಿಯ ಮಜೂರಿಯಲ್ಲಿ ಬದುಕುವವರಿಗೆ ಇದು ಕೈಗೆಟುಕುವ ಮದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು ಒಳ್ಳೆಯ ಸುದ್ದಿಯೇ, ಆದರೆ ಸಾವಿರಗಳ ಬಿಲ್ಲಿನಲ್ಲಿ ಅದರಿಂದ ಎಷ್ಟು ಉಳಿದೀತು?

ಕೊಳ್ಳಲಾಗದವರು ಏನು ಮಾಡುತ್ತಾರೆ? ಎರಡು ತಿಂಗಳು ತೆಗೆದುಕೊಂಡು ಬಿಟ್ಟುಬಿಡುತ್ತಾರೆ. ನಂತರ ಕೆಲವೇ ರೂಪಾಯಿಗೆ ಸಿಗುವ ಸ್ಟೀರಾಯ್ಡ್ ಗುಳಿಗೆಗೆ ಅಂಟಿಕೊಳ್ಳುತ್ತಾರೆ. ಮೊದಲ ವಾರದಲ್ಲಿ ಅದು ಪವಾಡದಂತೆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಟೊಳ್ಳು ಮೂಳೆ. ಆಮೇಲೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದರೆ ಆಗ ಮತ್ತೆ ಕಾರ್ಡು ಉಪಯೋಗಕ್ಕೆ ಬರುತ್ತದೆ. ಸರಕಾರ ಉಳಿಸಿದ ಹಣ ನಿಜವಾಗಿ ಉಳಿಯಿತೇ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಯೋಜನೆ ರೂಪಿಸಿದವರ ವಾದದಲ್ಲೂ ತಿರುಳಿಲ್ಲವೆಂದು ನಾವು ಹೇಳುವುದಿಲ್ಲ. ಆಸ್ಪತ್ರೆಯ ದಾಖಲಾತಿಯನ್ನು ಲೆಕ್ಕ ಹಾಕಬಹುದು, ಪರಿಶೀಲಿಸಬಹುದು. ಹೊರರೋಗಿಗಳ ಔಷಧಕ್ಕೆ ಬಾಗಿಲು ತೆರೆದರೆ ಸುಳ್ಳು ಬಿಲ್ಲುಗಳ ಪ್ರವಾಹವೇ ಬಂದೀತು, ಬೊಕ್ಕಸ ತಾಳದು ಎಂಬ ಭಯ ಅವರದ್ದು. ಆದರೆ ಈ ನಿಯಮವನ್ನು ಯೋಜನೆಯೇ ಎರಡು ಕಡೆ ಸಡಿಲಿಸಿದೆ. ಡಯಾಲಿಸಿಸ್ ರೋಗಿ ವಾರಕ್ಕೆ ಎರಡು ಮೂರು ಬಾರಿ ಬಂದು, ಕೆಲವು ಗಂಟೆ ಮಲಗಿ, ಮನೆಗೆ ಹೋಗುತ್ತಾನೆ. ಪ್ರತಿ ಬಾರಿಗೂ ಯೋಜನೆ ಹಣ ಕೊಡುತ್ತದೆ. ಕ್ಯಾನ್ಸರಿನ ಕಿಮೊಥೆರಪಿಗೂ ಹಾಗೆಯೇ. ಇನ್ನೂ ಕುತೂಹಲದ ಸಂಗತಿ ಏನೆಂದರೆ, ರಿಟುಕ್ಸಿಮಾಬ್ ಎಂಬ ಬಯಾಲಾಜಿಕ್ ಔಷಧ ಲಿಂಫೋಮಾ ಎಂಬ ಕ್ಯಾನ್ಸರಿಗೆ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ಪ್ಯಾಕೇಜಿನಲ್ಲಿದೆ. ಭಾರತದಲ್ಲೇ ಇದರ ತದ್ರೂಪ 2007ರಿಂದ ತಯಾರಾಗುತ್ತಿದೆ. ಇದೇ ರಿಟುಕ್ಸಿಮಾಬನ್ನು ತೀವ್ರ ರುಮಟಾಯ್ಡ್ ಸಂಧಿವಾತಕ್ಕೂ ಡ್ರಿಪ್ ಮೂಲಕ ಕೊಡುತ್ತಾರೆ. ಅದೇ ಬಾಟಲಿ, ಅದೇ ಡ್ರಿಪ್, ಅದೇ ಹಾಸಿಗೆ. ಹೀಗಿರುವಾಗ ಅಡಚಣೆ ಇರುವುದು ಔಷಧದಲ್ಲೂ ಅಲ್ಲ, ಲೆಕ್ಕಪತ್ರದಲ್ಲೂ ಅಲ್ಲ. ಸಂಧಿವಾತ ಕೊಲ್ಲುವ ಕಾಯಿಲೆಯಲ್ಲ ಎಂಬ ತಾತ್ಸಾರದಲ್ಲಿ ಎಂದೇ ನಮ್ಮ ಅಭಿಪ್ರಾಯ. (ಹೃದಯ, ಶ್ವಾಸಕೋಶಗಳಿಗೂ ಹಬ್ಬಿ ಆಯುಷ್ಯ ಕಡಿಮೆ ಮಾಡುವ ಕಾಯಿಲೆ ಇದು ಎಂಬುದು ಬೇರೆ ಮಾತು.) ವಿಶ್ವ ಆರೋಗ್ಯ ಸಂಸ್ಥೆಯಂತೂ 2019ರಲ್ಲೇ ಅಡಲಿಮುಮಾಬನ್ನು ತನ್ನ ಅಗತ್ಯ ಔಷಧಗಳ ಪೂರಕ ಪಟ್ಟಿಗೆ ಸೇರಿಸಿದೆ.

ದುಂದುವೆಚ್ಚದ ಭಯಕ್ಕೆ ಉತ್ತರ ಬೇಕಾದರೆ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯನ್ನು ನೋಡಬಹುದು. ಅಲ್ಲಿ ಕೇಳಿದವರಿಗೆಲ್ಲ ಬಯಾಲಾಜಿಕ್ ಕೊಡುವುದಿಲ್ಲ. ಎಷ್ಟು ಕೀಲುಗಳು ಊದಿವೆ, ಎಷ್ಟು ನೋಯುತ್ತಿವೆ, ರಕ್ತಪರೀಕ್ಷೆ ಏನು ಹೇಳುತ್ತದೆ ಎಂಬುದನ್ನು ಸೇರಿಸಿ ರೋಗಕ್ಕೆ ಅಂಕ ಕೊಡುತ್ತಾರೆ. 2016ರ ನಿಯಮದಂತೆ ಅಗ್ಗದ ಮದ್ದುಗಳ ಸಂಯೋಜನೆ ವಿಫಲವಾಗಿ, ಅಂಕ 5.1 ಮೀರಿದರೆ ಮಾತ್ರ ಸರಕಾರ ಹಣ ಕೊಡುತ್ತಿತ್ತು. ಆರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ಆ ಔಷಧ ನಿಲ್ಲಿಸಬೇಕು. 2018ರ ಅಕ್ಟೋಬರ್‌ನಲ್ಲಿ ಹ್ಯುಮಿರಾದ ಪೇಟೆಂಟ್ ಯುರೋಪಿನಲ್ಲಿ ಮುಗಿದಾಗ ಇಂಗ್ಲೆಂಡಿನ ಆರೋಗ್ಯ ಸೇವೆ ಎಲ್ಲ ಕಂಪನಿಗಳನ್ನು ಟೆಂಡರಿಗೆ ಕರೆಯಿತು. ವರ್ಷಕ್ಕೆ 40 ಕೋಟಿ ಪೌಂಡಿಗೂ ಹೆಚ್ಚು ಖರ್ಚಾಗುತ್ತಿದ್ದ ಆ ಒಂದೇ ಔಷಧದಲ್ಲಿ 30 ಕೋಟಿ ಪೌಂಡ್ ಉಳಿಯುವುದೆಂದು ಅದು ಆ ನವೆಂಬರ್‌ನಲ್ಲಿ ಪ್ರಕಟಿಸಿತು. ಬೆಲೆ ಇಳಿದದ್ದರಿಂದ 2021ರಲ್ಲಿ ಮಧ್ಯಮ ತೀವ್ರತೆಯ ರೋಗಿಗಳಿಗೂ ಬಾಗಿಲು ತೆರೆಯಿತು. ಒಬ್ಬ ರೋಗಿ ಔಷಧ ಅಂಗಡಿಯಲ್ಲಿ ಚೌಕಾಸಿ ಮಾಡಲಾರ. ಲಕ್ಷ ರೋಗಿಗಳ ಪರವಾಗಿ ಸರಕಾರ ಮಾಡಬಹುದು.

ಕರ್ನಾಟಕಕ್ಕೆ ಇದು ಆಗದ ಕೆಲಸವೇನಲ್ಲ. ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಮ್ಮ ರಾಜ್ಯದ್ದೇ. ಚಿಕಿತ್ಸೆಗಳ ಪಟ್ಟಿ ಕಲ್ಲಿನಲ್ಲಿ ಕೊರೆದದ್ದಲ್ಲ. ಕೇಂದ್ರದ ಪಟ್ಟಿಯೇ 2018ರಲ್ಲಿದ್ದ ಸುಮಾರು 1,400ರಿಂದ 2022ಕ್ಕೆ 1,949 ಚಿಕಿತ್ಸೆಗಳಿಗೆ ಬೆಳೆದಿದೆ. ಡ್ರಿಪ್ ಮೂಲಕ ಕೊಡುವ ಔಷಧಗಳಿಗೆ ಸಂಧಿವಾತದ ಹೆಸರಿನಲ್ಲೇ ಒಂದು ಸ್ಪಷ್ಟ ಹಗಲು ಚಿಕಿತ್ಸೆಯ ಪ್ಯಾಕೇಜ್ ರೂಪಿಸಬಹುದು. ಮನೆಯಲ್ಲಿ ತೆಗೆದುಕೊಳ್ಳುವ ಗುಳಿಗೆಗಳ ದಾರಿ ಬೇರೆ. ಟೊಫಾಸಿಟಿನಿಬ್ ಅನ್ನು ಈಗ ಭಾರತದ ಹಲವು ಕಂಪನಿಗಳು ತಯಾರಿಸುತ್ತಿರುವುದರಿಂದ ಬಯಾಲಾಜಿಕ್‌ಗಿಂತ ಅದು ಬಹಳ ಅಗ್ಗ. ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಅದನ್ನು ಸಗಟಾಗಿ ಖರೀದಿಸಿ ಮಂಗಳೂರಿನ ವೆನ್ಲಾಕ್, ಉಡುಪಿಯ ಜಿಲ್ಲಾ ಆಸ್ಪತ್ರೆಯಂತಹ ಕಡೆ ತಿಂಗಳ ಲೆಕ್ಕದಲ್ಲಿ ಕೊಟ್ಟರೆ ವಿಮೆಯ ಬಿಲ್ಲಿನ ರಗಳೆಯೇ ಇಲ್ಲ.

ಹಾಗೆಂದು ಇವು ಮಿಠಾಯಿಯಂತೆ ಹಂಚುವ ಮದ್ದುಗಳಲ್ಲ. ಬಯಾಲಾಜಿಕ್ ಆಗಲಿ ಟೊಫಾಸಿಟಿನಿಬ್ ಆಗಲಿ ದೇಹದ ರಕ್ಷಣಾ ಶಕ್ತಿಯನ್ನು ಕುಗ್ಗಿಸುತ್ತವೆ. ಒಳಗೆ ಅಡಗಿರುವ ಕ್ಷಯ ಎದ್ದು ಕೂರಬಹುದು. ಆದ್ದರಿಂದ ಆರಂಭಿಸುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. ಟೊಫಾಸಿಟಿನಿಬ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರಿನ ಎಚ್ಚರಿಕೆ ನೀಡಿದೆ. ವಯಸ್ಸಾದವರು, ಧೂಮಪಾನಿಗಳಲ್ಲಿ ಜಾಗ್ರತೆ ಹೆಚ್ಚು ಬೇಕು. ಸಂಧಿವಾತ ತಜ್ಞರು ನೋಡಿ ಬರೆಯಬೇಕಾದ ಮದ್ದು ಇದು. ತಜ್ಞರು ಇರುವುದು ಹೆಚ್ಚಾಗಿ ಮಂಗಳೂರು, ಮಣಿಪಾಲದಂತಹ ಕಡೆ. ಬೈಂದೂರಿನಿಂದಲೋ ಸುಳ್ಯದಿಂದಲೋ ಬರುವ ರೋಗಿಗೆ ಬಸ್ಸಿನ ಪ್ರಯಾಣವೇ ಒಂದು ಶಿಕ್ಷೆ. ಮೂರು ತಿಂಗಳಿಗೊಮ್ಮೆ ತಜ್ಞರು ತಾಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ಆಗದೆ ಹೋದರೆ ಪ್ಯಾಕೇಜ್ ಮಾಡಿಯೂ ಅರ್ಧ ಫಲ.

ಇದೆಲ್ಲ ಆಗುವವರೆಗೆ ಏನು? ಈಗಾಗಲೇ ಕೈಯಲ್ಲಿರುವ ಒಂದು ಹಕ್ಕನ್ನು ನಮ್ಮ ಅನೇಕ ಕುಟುಂಬಗಳು ಬಳಸುತ್ತಿಲ್ಲ. ಅದು ಇಎಸ್‌ಐ. 1948ರ ಕಾಯ್ದೆಯಿಂದ ಹುಟ್ಟಿ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆಯ ಅಡಿಯಲ್ಲಿರುವ ಈ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ಔಷಧ ಸೇರಿದೆ. ಆಸ್ಪತ್ರೆಗೆ ದಾಖಲಾಗಬೇಕೆಂಬ ಷರತ್ತು ಇಲ್ಲ. ಕಾರ್ಖಾನೆ, ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ಮಗ ಅಥವಾ ಮಗಳ ಸಂಬಳದಿಂದ ಶೇ. 0.75 ಕಡಿತವಾಗುತ್ತಿದ್ದರೆ ಅವರ ಆಶ್ರಯದಲ್ಲಿರುವ ತಂದೆ ತಾಯಿಗೂ ಚಿಕಿತ್ಸೆಯ ಹಕ್ಕಿದೆ. ಹೆತ್ತವರ ಹೆಸರು ಸೇರಿಸಿದ್ದಾರೆಯೇ ಎಂದು ಕೇಳಿದರೆ ಎಷ್ಟೋ ಮಂದಿ ತಲೆ ಕೆರೆದುಕೊಳ್ಳುತ್ತಾರೆ! ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂ. ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ದುಬಾರಿ ಔಷಧ ಬರೆದಾಗ ಕೌಂಟರಿನಲ್ಲಿ 'ಸ್ಟಾಕ್ ಇಲ್ಲ' ಎಂಬ ಉತ್ತರ ಸಿಕ್ಕಿದರೆ ಬಾಯಿಮಾತಿಗೆ ಹಿಂದೆ ಬರಬಾರದು, ಲಿಖಿತ ಉತ್ತರ ಕೇಳಬೇಕು.

ರೋಗಿಗಳಿಗೆ ಅರ್ಜಿ ಬರೆದುಕೊಡುವ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರಲ್ಲಿ ಒಂದು ವಿನಂತಿ. ವೈದ್ಯಕೀಯ ನೆರವಿನ ಅರ್ಜಿಯ ಜೊತೆ ಬಿಲ್ಲನ್ನು ಮಾತ್ರ ಇಡುವುದು ರೂಢಿ. ರೋಗ ಕಾಣಿಸಿಕೊಂಡ ತಿಂಗಳು, ಯಾವ ಯಾವ ಅಗ್ಗದ ಮದ್ದುಗಳನ್ನು ಎಷ್ಟು ಕಾಲ ತೆಗೆದುಕೊಂಡರು, ಅದರಿಂದ ಏಕೆ ಗುಣವಾಗಲಿಲ್ಲ, ಈಗಿನ ಔಷಧಕ್ಕೆ ತಿಂಗಳಿಗೆ ಎಷ್ಟು ಬೇಕು, ಎಷ್ಟು ಬಾರಿ ಹಣವಿಲ್ಲದೆ ನಿಲ್ಲಿಸಿದ್ದಾರೆ, ಇಷ್ಟನ್ನು ತಜ್ಞರ ಚೀಟಿಯೊಂದಿಗೆ ಒಂದು ಪುಟದಲ್ಲಿ ಬರೆಸಿಡಿ. ಒಬ್ಬರ ಅರ್ಜಿ ಕಡತದಲ್ಲಿ ಕಳೆದುಹೋಗುತ್ತದೆ. ಒಂದು ತಾಲೂಕಿನ ಐವತ್ತು ರೋಗಿಗಳ ಇಂತಹ ಪುಟಗಳನ್ನು, ಜಾತಿ ಧರ್ಮ ನೋಡದೆ ಒಟ್ಟು ಮಾಡಿ, ರಾಜ್ಯ ಬಜೆಟ್ ತಯಾರಿ ನಡೆಯುವ ಡಿಸೆಂಬರ್, ಜನವರಿಯಲ್ಲಿ ಕ್ಷೇತ್ರದ ಶಾಸಕರ ಮೂಲಕ ಆರೋಗ್ಯ ಸಚಿವರಿಗೂ ಟ್ರಸ್ಟಿಗೂ ಕಳುಹಿಸಿದರೆ ಅದಕ್ಕೆ ಉತ್ತರ ಕೊಡದೆ ಇರುವುದು ಕಷ್ಟವಾದೀತು.